ಉಣುಗು, ಅಳಿಲು, ಸೊಂಡಿಲಿ: ಘಟ್ಟದ ಮೇಲಿನ ಮೂರು ತಾಲೂಕುಗಳ ಕಾಡಿನಲ್ಲಿ ಹೆಸರಿಡುವಿಕೆಯ ಚರಿತ್ರೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸಿರ್ಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಜನಪದ ಬದುಕನ್ನು ಕುರಿತ ಅಧ್ಯಯನಗಳಲ್ಲಿ ಹಾಡು, ಕಥೆ, ಯಕ್ಷಗಾನ, ಹಸೆಚಿತ್ತಾರಗಳಿಗೆ ದೊರೆತ ಗಮನವು ಅಲ್ಲಿನ ಜನ ತಮ್ಮ ಸುತ್ತಲಿನ ಸಣ್ಣ ಜೀವಿಗಳನ್ನು ಗುರುತಿಸಿ ಹೆಸರಿಟ್ಟ ಬಗೆಗೆ ದೊರೆತಿಲ್ಲ. ಹುಲಿ, ಕಾಡುಕೋಣ, ಕಾಳಿಂಗಗಳ ಬಗ್ಗೆ ಕಥೆಗಳಿವೆ, ಸಂಗ್ರಹಕಾರರೂ ಇದ್ದಾರೆ. ಅಳಿಲಿನ ಕಿವಿಯ ಹಿಂದೆ ಕಚ್ಚಿಕೊಂಡಿರುವ ಉಣುಗಿನ ಬಗ್ಗೆ ಕೇಳಿದವರು ಕಡಿಮೆ. ಹಾಗೆ ಕೇಳಬೇಕಾದ ಪ್ರಸಂಗವು ಈ ಪ್ರದೇಶದ ಚರಿತ್ರೆಯಲ್ಲಿ ಒದಗಿ ಬಂದುದು ಜಾನಪದ ವಿದ್ವಾಂಸರಿಂದಲ್ಲ, ಒಂದು ಜ್ವರದಿಂದ. ಸಣ್ಣ ಸಸ್ತನಿಗಳನ್ನೂ ಅವುಗಳ ಮೇಲೆ ಬದುಕುವ ಪರಾವಲಂಬಿಗಳನ್ನೂ ಇಲ್ಲಿ ಯಾರು, ಯಾವಾಗ, ಯಾವ ಆಧಾರದ ಮೇಲೆ ಗುರುತಿಸಿದರು, ಆ ಗುರುತಿಸುವಿಕೆಯಲ್ಲಿ ಸ್ಥಳೀಯ ಹೆಸರುಗಳ ಪಾಲು ಎಷ್ಟು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಬ್ದವನ್ನೇ ನೋಡೋಣ. ಉಣ್ಣೆ, ಉಣ್ಣಿ, ಉಣುಗು ಎಂಬ ರೂಪಗಳು ಕನ್ನಡದ ಬೇರೆ ಬೇರೆ ಪ್ರದೇಶಗಳಲ್ಲಿ ಬಳಕೆಯಲ್ಲಿವೆ. ಇವು ಉಣ್ ಎಂಬ ಧಾತುವಿಗೆ ಸೇರಿದವೆಂದು ಭಾವಿಸಲು ಅಡ್ಡಿಯಿಲ್ಲ. ಉಣ್ಣುವುದೇ ಅದರ ಏಕೈಕ ಕಸುಬು. ಕೆಚ್ಚಲಿಗೆ ಅಂಟಿಕೊಂಡಿದ್ದರೂ ಹಾಲಿನ ಸವಿಯರಿಯದೆ ರಕ್ತವನ್ನೇ ಹೀರುವ ಜೀವಿಯೆಂಬ ಹೋಲಿಕೆ ಕನ್ನಡದ ವಚನಕಾರರಿಗೂ ದಾಸರಿಗೂ ಚಿರಪರಿಚಿತವಾದುದು. ಅಂದರೆ ಕನ್ನಡ ಸಾಹಿತ್ಯಕ್ಕೆ ಉಣ್ಣೆಯು ಪರಿಚಯವಾದುದು ಕೊಟ್ಟಿಗೆಯ ಮೂಲಕ, ಕಾಡಿನ ಮೂಲಕವಲ್ಲ. ಹಸುವಿನ ಮೈಯಲ್ಲಿ ರಕ್ತ ಕುಡಿದು ಉಬ್ಬಿದ ಹೆಣ್ಣುಣ್ಣೆಯು ಹರಳುಬೀಜದಂತೆ ಕಾಣುತ್ತದೆ. ಲ್ಯಾಟಿನ್ ಭಾಷೆಯಲ್ಲಿಯೂ ಉಣ್ಣೆಗೂ ಹರಳುಗಿಡಕ್ಕೂ ರಿಸಿನಸ್ ಎಂಬ ಒಂದೇ ಪದವಿದ್ದುದು ಇಲ್ಲಿ ನೆನಪಾಗುತ್ತದೆ. ದೂರದೂರದ ಕೊಟ್ಟಿಗೆಗಳಲ್ಲಿ ಜನರ ಕಣ್ಣು ಒಂದೇ ಹೋಲಿಕೆಯನ್ನು ಹಿಡಿದಿತ್ತು.

ಕೊಟ್ಟಿಗೆಯಲ್ಲಿ ಕಾಣುವುದು ಉಣುಗಿನ ಬದುಕಿನ ಕೊನೆಯ ಘಟ್ಟ ಮಾತ್ರ. ಮೊಟ್ಟೆಯೊಡೆದ ಮರಿಗೆ ಆರು ಕಾಲುಗಳು. ಅದು ಇಲಿ, ಅಳಿಲು, ಸೊಂಡಿಲಿ ಅಥವಾ ನೆಲದ ಮೇಲೆ ಆಹಾರ ಹುಡುಕುವ ಹಕ್ಕಿಯನ್ನು ಹತ್ತಿ ರಕ್ತ ಕುಡಿದು ಉದುರಿ, ಪೊರೆ ಕಳಚಿ ಎಂಟು ಕಾಲಿನ ನಡುಹರೆಯದ ಜೀವಿಯಾಗುತ್ತದೆ. ಎಳ್ಳಿಗಿಂತ ಚಿಕ್ಕದಾದ ಈ ನಡುಹರೆಯದ ಉಣುಗು ಮಂಗಕ್ಕೂ ಹತ್ತುತ್ತದೆ, ಮನುಷ್ಯನಿಗೂ ಹತ್ತುತ್ತದೆ. ಮತ್ತೊಮ್ಮೆ ಪೊರೆ ಕಳಚಿದ ಮೇಲೆ ಪ್ರಾಯದ ಉಣುಗು ದನ, ಎಮ್ಮೆ, ಕಡವೆಗಳಂಥ ದೊಡ್ಡ ಪ್ರಾಣಿಗಳನ್ನು ಹುಡುಕುತ್ತದೆ. ಪ್ರಾಯದವು ಮಳೆಗಾಲದಲ್ಲಿ, ಮರಿಗಳು ಮಳೆ ಕಳೆದ ಮೇಲೆ, ನಡುಹರೆಯದವು ನವೆಂಬರ್ ಸುಮಾರಿನಿಂದ ಮುಂದಿನ ಮಳೆಯವರೆಗೆ ಹೆಚ್ಚು ಚಟುವಟಿಕೆಯಿಂದಿರುತ್ತವೆ. ಒಂದು ಜೀವಿ, ಮೂರು ರೂಪ, ಮೂರು ಬಗೆಯ ಆಸರೆ. ಕೊಟ್ಟಿಗೆಯ ದೊಡ್ಡ ಉಣುಗೂ ಕಾಡಿನಲ್ಲಿ ಬಟ್ಟೆಗೆ ಹತ್ತುವ ಪುಡಿ ಉಣುಗೂ ಒಂದೇ ಎಂದು ಹೇಳಿದಾಗ ನನಗೆ ಮಾಹಿತಿ ನೀಡಿದ ಹಿರಿಯರು ಒಪ್ಪಿದವರಲ್ಲ. ಅವರ ಅನುಮಾನ ಪೂರ್ತಿ ತಪ್ಪೂ ಅಲ್ಲ. ಏಕೆಂದರೆ ಊರ ದನದ ಮೈಮೇಲೆ ಸಿಗುವವುಗಳಲ್ಲಿ ಹಲವು ಬೇರೆಯೇ ಕುಲಕ್ಕೆ ಸೇರಿದವು.

ಈ ಮೂರು ತಾಲೂಕುಗಳ ಕೃಷಿಪದ್ಧತಿಯು ಮನುಷ್ಯನನ್ನು ನಡುಹರೆಯದ ಉಣುಗಿನ ಕಾಲಕ್ಕೆ ಸರಿಯಾಗಿ ಕಾಡಿಗೆ ಕಳುಹಿಸುತ್ತದೆ. ಅಡಿಕೆ ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟದ ಹಕ್ಕು ಇಲ್ಲಿಯ ವಿಶೇಷ. ಬ್ರಿಟಿಷ್ ಆಡಳಿತದಲ್ಲಿ ರೂಪುಗೊಂಡ ನಿಯಮದಂತೆ ಒಂದು ಎಕರೆ ಬಾಗಾಯತಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡಲಾಗಿತ್ತು. ಬೇಸಿಗೆಯಲ್ಲಿ ದರಕು ಗುಡಿಸಿ ತರುವುದು, ಕೊಟ್ಟಿಗೆಗೆ ಹಾಸುವುದು, ಅದನ್ನು ಗೊಬ್ಬರವಾಗಿಸಿ ತೋಟಕ್ಕೆ ಹಾಕುವುದು ತಲೆಮಾರುಗಳಿಂದ ನಡೆದು ಬಂದ ಕ್ರಮ. ಉರುವಲು, ಜೇನು, ಉಪ್ಪಾಗೆ, ಸೀಗೆ, ವಾಟೆಗಳನ್ನು ಅರಸಿ ಹೋಗುವವರೂ ಇದ್ದಾರೆ. ಯಲ್ಲಾಪುರದ ಕಡೆ ಎಮ್ಮೆಗಳನ್ನು ಕಾಡಿಗೆ ಹೊಡೆಯುವ ಗೌಳಿಗರೂ, ಕಾಡಿನಂಚಿನಲ್ಲಿ ನೆಲೆಸಿದ ಸಿದ್ದಿಗಳೂ ಇದ್ದಾರೆ. ದರಕಿನ ರಾಶಿಯಲ್ಲಿ ಇಲಿಗೂ ಮನೆ, ಉಣುಗಿಗೂ ಮನೆ. ಇವರೆಲ್ಲರಿಗೂ ಉಣುಗು ಎಂಬುದು ಹೇನು, ಕೂರೆ, ಚಿಗಟ, ತಿಗಣೆ, ಇಂಬಳಗಳ ಸಾಲಿನಲ್ಲಿ ಬರುವ ಒಂದು ಕಾಟ. ಕೂದಲಲ್ಲಿದ್ದರೆ ಹೇನು, ಬಟ್ಟೆಯಲ್ಲಿದ್ದರೆ ಕೂರೆ, ಹಾಸಿಗೆಯಲ್ಲಿದ್ದರೆ ತಿಗಣೆ ಎಂಬ ಈ ವರ್ಗೀಕರಣವು ಜೀವಿಯ ಅಂಗರಚನೆಯನ್ನಲ್ಲ, ಅದು ಮನುಷ್ಯನಿಗೆ ಎದುರಾಗುವ ಸ್ಥಳವನ್ನು ಆಧರಿಸಿದೆ. ಜನಪದ ವರ್ಗೀಕರಣಕ್ಕೆ ಇದು ಕೊರತೆಯಲ್ಲ. ಎಲ್ಲಿ ಎಚ್ಚರದಿಂದಿರಬೇಕು ಎಂಬುದನ್ನು ಹೇಳುವುದಷ್ಟೇ ಅದಕ್ಕೆ ಬೇಕು.

ಸಣ್ಣ ಸಸ್ತನಿಗಳ ವಿಷಯದಲ್ಲಿ ಕನ್ನಡದ ಹೆಸರುಗಳು ವಿಜ್ಞಾನದ ದಾಖಲೆಯನ್ನು ಸೇರಿದ ಕಥೆ ಇನ್ನೂ ಹಿಂದಿನದು. ಸರ್ ವಾಲ್ಟರ್ ಎಲಿಯಟ್ ಅವರನ್ನು ಕನ್ನಡ ವಿದ್ವತ್ಲೋಕವು ಶಾಸನ ಸಂಗ್ರಾಹಕರೆಂದು ಬಲ್ಲದು. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಹತನಾದಾಗ ಸೆರೆಸಿಕ್ಕ ಇಬ್ಬರು ಸಹಾಯಕರಲ್ಲಿ ಅವರೊಬ್ಬರು. ಧಾರವಾಡ ಸೀಮೆಯಲ್ಲಿದ್ದಾಗ ಅವರು ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದರೆಂಬುದು ಪ್ರಸಿದ್ಧ ಸಂಗತಿ. ಅದೇ ವ್ಯಕ್ತಿ, ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ ಇಲಿಗಳ ಹೆಸರುಗಳನ್ನೂ ಕೂಡಿಸುತ್ತಿದ್ದರೆಂಬುದು ಅಷ್ಟು ಪ್ರಸಿದ್ಧವಲ್ಲ. ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳನ್ನು ಕುರಿತು ಅವರು ಸಿದ್ಧಪಡಿಸಿದ ಪಟ್ಟಿ 1839ರಲ್ಲಿ ಮದ್ರಾಸಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪಟ್ಟಿಯ ವೈಶಿಷ್ಟ್ಯವೆಂದರೆ ಪ್ರತಿ ಪ್ರಾಣಿಯ ಜೊತೆಗೆ ಸ್ಥಳೀಯ ಹೆಸರುಗಳನ್ನು ಕೊಡುವ ಕಾಳಜಿ.

ಕನ್ನಡಿಗರು ಗುಲಂದಿ ಎಂದು ಕರೆಯುತ್ತಿದ್ದ ಪೊದೆಯಿಲಿಯ ಮಾದರಿಗಳು ಎಲಿಯಟ್ ಅವರ ಮೂಲಕ ಲಂಡನ್ನಿಗೆ ತಲುಪಿದವು. ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಅದಕ್ಕೆ ಗೊಲುಂಡಾ ಎಲಿಯೋಟಿ ಎಂದು ಹೆಸರಿಟ್ಟರು. ಕುಲದ ಹೆಸರು ಕನ್ನಡದ್ದು, ಜಾತಿಯ ಹೆಸರು ಸಂಗ್ರಾಹಕರದು. ಒಡ್ಡ ಸಮುದಾಯದವರ ಲೆಗ್ಗಡೆ ಎಂಬ ಹೆಸರಿನಿಂದ ಲೆಗ್ಗಾಡಾ ಎಂಬ ಕುಲ ಹುಟ್ಟಿತು. ಹೊಲದ ಮೆತ್ತನೆ ಕೂದಲಿನ ಇಲಿಯನ್ನು ಒಡ್ಡರು ಮೆಟ್ಟಡೆ ಎನ್ನುತ್ತಿದ್ದರು. ಗ್ರೇ ಬರೆವಣಿಗೆಯಲ್ಲಿ ಅದು ಮೆಲ್ಟಾಡ ಆಯಿತು. ಬರೆಹದಲ್ಲಿ ಒಂದಕ್ಷರವನ್ನು ತಪ್ಪಾಗಿ ಓದಿದ್ದರಿಂದಲೇ ಹೀಗಾಗಿರಬೇಕೆಂದು ನನ್ನ ಊಹೆ. ನಾಮಕರಣದ ನಿಯಮದಂತೆ ಮೊದಲು ಅಚ್ಚಾದುದೇ ಪ್ರಮಾಣವಾದ್ದರಿಂದ ಆ ಇಲಿ ಇಂದಿಗೂ ಮಿಲ್ಲಾರ್ಡಿಯಾ ಮೆಲ್ಟಾಡ. ಹೊಲದ ಬದುವಿನಲ್ಲಿ ಬಿಲ ತೋಡಿ ಕಾಳು ಕೂಡಿಡುವ ಹೆಗ್ಗಣದ ಜಾತಿಗೆ ಕನ್ನಡದ ಕೋಕ್ ಎಂಬ ಹೆಸರೇ ಲ್ಯಾಟಿನ್ ಪಟ್ಟಿಯಲ್ಲಿ ಸೇರಿಹೋಯಿತು.

ಒಡ್ಡರ ಹೆಸರುಗಳು ಇಷ್ಟೇಕೆ ದಾಖಲಾದವು ಎಂಬುದಕ್ಕೆ ಎಲಿಯಟ್ ಅವರೇ ಕಾರಣ ಹೇಳಿದ್ದಾರೆ. 1826ರಲ್ಲಿ ಮಳೆ ಕೈಕೊಟ್ಟಾಗ ಮೆಟ್ಟಡೆ ಇಲಿಗಳು ಮಿತಿಮೀರಿ ಹೆಚ್ಚಿ, ಬಿತ್ತಿದ ಬೀಜವನ್ನು ತಿಂದು, ಉಳಿದು ಬೆಳೆದ ಜೋಳದ ದಂಟನ್ನೇರಿ ತೆನೆಗಳನ್ನು ಕತ್ತರಿಸಿ ಹೊಲಗಳನ್ನು ಹಾಳುಗೆಡವಿದವು. ರೈತರು ಒಡ್ಡರನ್ನು ನೇಮಿಸಿ, ಇಷ್ಟು ಡಜನ್ ಇಲಿಗಳಿಗೆ ಇಷ್ಟು ಅಳತೆಯ ಧಾನ್ಯವೆಂದು ಗೊತ್ತುಮಾಡಿ, ಸಾವಿರಗಟ್ಟಲೆ ಕೊಲ್ಲಿಸಿದರೂ ಇಲಿಗಳು ಕಡಿಮೆಯಾಗಲಿಲ್ಲವೆಂದು ಅವರು ದಾಖಲಿಸಿದ್ದಾರೆ. ಬಿಲವನ್ನು ನೋಡಿ ಒಳಗಿರುವ ಇಲಿ ಯಾವುದೆಂದು ಹೇಳಬಲ್ಲವರಿಗೆ ಇಲಿಗಳಲ್ಲಿ ಭೇದ ಗೊತ್ತಿರಲೇಬೇಕು. ಮಿಕ್ಕವರಿಗೆ ಎಲ್ಲವೂ ಇಲಿಯೇ. ಲ್ಯಾಟಿನ್ ಹೆಸರಿನಲ್ಲಿ ಎಲಿಯಟ್ ಉಳಿದರು, ಗ್ರೇ ಉಳಿದರು. ಬಿಲ ಅಗೆದವರು ತಮ್ಮ ಪದವನ್ನು ಕೊಟ್ಟು ಮರೆಯಾದರು. ಈ ಮಾತು ಮುಂದೆಯೂ ಬರುತ್ತದೆ.

ಮರದ ಮೇಲಿನ ದೊಡ್ಡ ಅಳಿಲಿಗೆ ಹತ್ತೊಂಬತ್ತನೆಯ ಶತಮಾನದ ಪಟ್ಟಿಗಳಲ್ಲಿ ಕೇಸಣ್ಣಲು ಎಂಬ ಕನ್ನಡ ಹೆಸರು ದೊರೆಯುತ್ತದೆ. ಇಂದಿನ ಕೇಶಳಿಲು ಇದರ ಸಂಬಂಧಿ. ಬಾಲದ ಸಮೃದ್ಧ ಕೂದಲಿನಿಂದಾಗಿ ಕೇಶ ಎಂಬ ಸಂಸ್ಕೃತ ಪದವನ್ನು ಇಲ್ಲಿ ಕಾಣುವುದು ಸಹಜವಾದರೂ, ಹಳಗನ್ನಡದ ಕೇಸಡಿ, ಕೇಸುರಿ, ಕೇಸಕ್ಕಿಗಳಲ್ಲಿ ಕೆಂಪೆಂಬ ಅರ್ಥವಿರುವುದನ್ನು ಗಮನಿಸಿದರೆ ಇದು ಮೂಲತಃ ಕೆಂಪಳಿಲು ಎಂದೇ ಆಗಿದ್ದಿರಬೇಕು. ಕೆಂದಳಿಲು ಎಂಬ ಇನ್ನೊಂದು ಹೆಸರು ಇದಕ್ಕೆ ಪುಷ್ಟಿ ಕೊಡುತ್ತದೆ.

ಮನೆಯಂಗಳದ ಸಣ್ಣ ಅಳಿಲಿನದು ಬೇರೆಯದೇ ಕಥೆ. ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಬೆನ್ನನ್ನು ಶ್ರೀರಾಮ ಮೂರು ಬೆರಳುಗಳಿಂದ ಸವರಿದ ಕಥೆಯನ್ನು ಕೇಳದ ಕನ್ನಡ ಮಗು ಇಲ್ಲ. ಪಟ್ಟೆ ಎಣಿಸುವ ಈ ಕೆಲಸವನ್ನೇ ಪ್ರಾಣಿಶಾಸ್ತ್ರಜ್ಞರೂ ಮಾಡಿದರು. ಲಿನ್ನೇಯಸ್ 1766ರಲ್ಲಿ ಹೆಸರಿಸಿದ ತಾಳೆಮರದ ಅಳಿಲಿಗೆ ಬೆನ್ನ ಮೇಲೆ ಮೂರು ಬಿಳಿ ಪಟ್ಟೆ. ಉತ್ತರ ಭಾರತದ ಅಳಿಲಿಗೆ ಐದು ಪಟ್ಟೆಗಳಿದ್ದರೂ ಬಹುಕಾಲ ಎರಡನ್ನೂ ಒಂದೆಂದೇ ಎಣಿಸಲಾಗಿತ್ತು. ಮುಂಬಯಿ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಆರ್. ಸಿ. ರಾಟನ್ 1905ರಲ್ಲಿ ಐದು ಪಟ್ಟೆಯದನ್ನು ಪ್ರತ್ಯೇಕಿಸಿದರು. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಇನ್ನೊಂದು ಮೂರುಪಟ್ಟೆಯ ಅಳಿಲಿದೆ. ಮೈಬಣ್ಣ ಗಾಢ, ತಲೆಯಲ್ಲೂ ಬಾಲದ ಅಡಿಯಲ್ಲೂ ಕೆಂಪು ಛಾಯೆ. ಇದನ್ನು ವಾಟರ್‌ಹೌಸ್ 1837ರಲ್ಲಿಯೇ ಬೇರ್ಪಡಿಸಿ ಟ್ರೈಸ್ಟ್ರಿಯೇಟಸ್ ಎಂದರು. ರಾಮನ ಬೆರಳುಗಳ ಲೆಕ್ಕದಲ್ಲಿ ಇವೆರಡೂ ಒಂದೇ. ಜಾತಿಭೇದ ಇರುವುದು ಪಟ್ಟೆಯಲ್ಲಲ್ಲ, ಬಾಲದಡಿಯಲ್ಲಿ. ಮುಂಬಯಿ ನೈಸರ್ಗಿಕ ಇತಿಹಾಸ ಸಂಘವು 1911ರಲ್ಲಿ ಆರಂಭಿಸಿದ ಸಸ್ತನಿ ಸಮೀಕ್ಷೆಯು ಧಾರವಾಡ, ಕೆನರಾ ಜಿಲ್ಲೆಗಳನ್ನು ಒಳಗೊಂಡಾಗ ಬಂದ ಮಾದರಿಗಳನ್ನು ಪರಿಶೀಲಿಸಿದವರಲ್ಲಿ ರಾಟನ್ ಪ್ರಮುಖರು. ಈ ಭಾಗದ ಕಾಡಿಲಿಯೊಂದಕ್ಕೆ 1919ರಲ್ಲಿ ಅವರದೇ ಹೆಸರನ್ನಿಡಲಾಯಿತು. ಮುಂದೆ ಜ್ವರದ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಆ ಇಲಿಯೇ.

ಬಾಲದಡಿಯ ಕೆಂಪನ್ನು ನೋಡಿ ಅಳಿಲುಗಳನ್ನು ಬೇರ್ಪಡಿಸುವುದರಿಂದ ಏನು ಪ್ರಯೋಜನವೆಂದು ಕೇಳಬಹುದು. ಪರಾವಲಂಬಿಗಳ ಅಧ್ಯಯನದಲ್ಲಿ ಆಸರೆಯ ಪ್ರಾಣಿಯನ್ನು ತಪ್ಪಾಗಿ ಗುರುತಿಸಿದರೆ ಮುಂದಿನ ಎಲ್ಲವೂ ತಪ್ಪುತ್ತದೆ. ಕರುಳಿನಲ್ಲಿ ಬದುಕುವ ಕಾಕ್ಸಿಡಿಯಾ ಎಂಬ ಏಕಕೋಶ ಜೀವಿಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ನೆಲ ಅಳಿಲುಗಳಲ್ಲಿ ಇವುಗಳ ಅಧ್ಯಯನ ವಿಸ್ತಾರವಾಗಿ ನಡೆದಿದೆ. ನಮ್ಮ ನಾಡಿನಲ್ಲಿ ನೆಲ ಅಳಿಲುಗಳಿಲ್ಲ. ಹಿಕ್ಕೆಯನ್ನು ತಂದು, ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ಕೆಲವು ದಿನ ಇಟ್ಟು, ಅದರೊಳಗಿನ ಕೋಶಗಳು ಬಲಿತ ಮೇಲೆ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಒಳಗೆ ನಾಲ್ಕು ಚೀಲ, ಚೀಲಕ್ಕೆರಡು ಬೀಜಾಣುವಿದ್ದರೆ ಐಮೀರಿಯಾ ಕುಲ. ಎರಡು ಚೀಲ, ಚೀಲಕ್ಕೆ ನಾಲ್ಕಿದ್ದರೆ ಐಸೋಸ್ಪೋರಾ. ಆದರೆ ಕುಲದಿಂದ ಜಾತಿಗೆ ಇಳಿಯುವಾಗ ಕೋಶದ ಆಕಾರ, ಅಳತೆಗಳ ಜೊತೆಗೆ ಅದು ಯಾವ ಪ್ರಾಣಿಯದೆಂಬುದೂ ಲಕ್ಷಣವಾಗುತ್ತದೆ. ಐಮೀರಿಯಾಗಳು ಬಹುಮಟ್ಟಿಗೆ ತಮ್ಮ ತಮ್ಮ ಆಸರೆಯ ಪ್ರಾಣಿಗೇ ಕಟ್ಟುಬಿದ್ದವು. ಅಳಿಲು ತಪ್ಪಿದರೆ ಐಮೀರಿಯಾ ತಪ್ಪಿದಂತೆ. ಉಣುಗಿನ ರೀತಿ ಇದಕ್ಕೆ ವಿರುದ್ಧ: ಅದು ಒಂದು ಪ್ರಾಣಿಗೆ ನಿಷ್ಠವಲ್ಲ. ಅದರ ಅಪಾಯವಿರುವುದೂ ಅಲ್ಲಿಯೇ.

1956ರ ನವೆಂಬರ್ 1ರಂದು ಉತ್ತರ ಕನ್ನಡವು ಮುಂಬಯಿ ರಾಜ್ಯದಿಂದ ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ಐದು ತಿಂಗಳೊಳಗೆ, 1957ರ ಮಾರ್ಚ್ ತಿಂಗಳಲ್ಲಿ, ಸಿದ್ದಾಪುರ ತಾಲೂಕಿಗೆ ಹೊಂದಿಕೊಂಡ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿರುವ ಸುದ್ದಿ ಪುಣೆಯ ವೈರಸ್ ಸಂಶೋಧನ ಕೇಂದ್ರಕ್ಕೆ ತಲುಪಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಸ್ಥಾಪಿಸಿದ ಸಂಸ್ಥೆಯಿದು. ಸುತ್ತಲಿನ ಹಳ್ಳಿಗಳಲ್ಲಿ ಮನುಷ್ಯರಿಗೂ ತೀವ್ರ ಜ್ವರ, ಮೈಕೈನೋವು, ರಕ್ತಸ್ರಾವ ಕಾಣಿಸಿಕೊಂಡಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿಜ್ವರದಿಂದ ಮಂಗಗಳು ಹೀಗೆಯೇ ಸಾಯುತ್ತಿದ್ದುದರಿಂದ, ಆ ರೋಗ ಏಷ್ಯಕ್ಕೆ ಕಾಲಿಟ್ಟಿತೇ ಎಂಬ ಆತಂಕ ಮೊದಲಿಗೆ ಉಂಟಾಯಿತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪೀಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಮುಸುವ ಮತ್ತು ಕೋಡಗಗಳಿಂದಲೂ ರೋಗಿಗಳಿಂದಲೂ ಬೇರ್ಪಡಿಸಿದ ವೈರಾಣು ಹಳದಿಜ್ವರದ್ದಾಗಿರಲಿಲ್ಲ. ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಾಣುಗಳಿಗೆ ಅದು ಹತ್ತಿರದ್ದಾಗಿತ್ತು. ಸೊಳ್ಳೆಯನ್ನು ಹುಡುಕುತ್ತ ಬಂದವರು ಉಣುಗನ್ನು ಹುಡುಕಬೇಕಾಯಿತು.

ಆಗ ಎದುರಾದದ್ದು ವರ್ಗೀಕರಣದ ಸಮಸ್ಯೆ. ಕಾಡಿನಲ್ಲಿ ಬಟ್ಟೆಯನ್ನು ಎಳೆದುಕೊಂಡು ಹೋದರೆ ಉಣುಗುಗಳು ಅಂಟಿಕೊಳ್ಳುತ್ತವೆ. ಬೋನಿನಲ್ಲಿ ಹಿಡಿದ ಇಲಿ, ಅಳಿಲು, ಸೊಂಡಿಲಿಗಳ ಮೈಯಿಂದಲೂ ಅವನ್ನು ಆರಿಸಬಹುದು. ಹೀಗೆ ಸಿಕ್ಕ ಅಸಂಖ್ಯ ಪುಡಿ ಜೀವಿಗಳಲ್ಲಿ ಯಾವುದು ಯಾವ ಜಾತಿ? ಗುದದ ಸುತ್ತಲಿನ ಗೆರೆಯು ಮುಂಭಾಗದಿಂದ ಬಳಸಿ ಬಂದಿದ್ದರೆ ಇಕ್ಸೋಡಿಸ್ ಕುಲ. ಬಾಯಿಯ ಪಕ್ಕದ ಸ್ಪರ್ಶಾಂಗದ ಎರಡನೆಯ ಗೆಣ್ಣು ಹೊರಕ್ಕೆ ಚಾಚಿದ್ದು, ಕಣ್ಣಿಲ್ಲದಿದ್ದರೆ ಹೀಮಾಫೈಸಾಲಿಸ್. ಇಷ್ಟನ್ನು ಕಲಿಯುವುದು ಕಷ್ಟವಲ್ಲ. ಆದರೆ ಹಿಂದಿನ ಶತಮಾನದ ಯೂರೋಪಿನ ಪಂಡಿತರು ಹೆಸರಿಟ್ಟದ್ದು ಬಹುಪಾಲು ದೊಡ್ಡ ಪ್ರಾಣಿಗಳ ಮೈಮೇಲಿನ ಪ್ರಾಯದ ಉಣುಗುಗಳಿಗೆ. ಅವುಗಳ ಮರಿಗಳು ಹೇಗಿರುತ್ತವೆಂದು ಬರೆದಿಟ್ಟವರು ವಿರಳ. ಕ್ಯಾಸನೂರಿನಲ್ಲಿ ಮನುಷ್ಯನನ್ನು ಕಚ್ಚುತ್ತಿದ್ದುದು ನಡುಹರೆಯದವು. ಆದ್ದರಿಂದ ಮೊಟ್ಟೆಯಿಂದ ಪ್ರಾಯದವರೆಗೆ ಪ್ರಯೋಗಾಲಯದಲ್ಲಿ ಸಾಕಿ, ತಾಯಿಗೆ ಮರಿಯನ್ನು ಜೋಡಿಸಿ ಗುರುತಿಸುವ ಕ್ರಮ ಅನಿವಾರ್ಯವಾಯಿತು. ಸಾಗರದಲ್ಲಿ ಸ್ಥಾಪಿತವಾದ ಕ್ಷೇತ್ರಕೇಂದ್ರವು ವರ್ಷಗಟ್ಟಲೆ ಇಂಥ ಕೆಲಸ ಮಾಡಿತು. ಟ್ರಪೀಡೊ, ಪಿ. ಕೆ. ರಾಜಗೋಪಾಲನ್ ಮತ್ತು ಕೈರೋದಲ್ಲಿದ್ದ ಉಣ್ಣೆತಜ್ಞ ಹ್ಯಾರಿ ಹೂಗ್‌ಸ್ಟ್ರಾಲ್ ಸೇರಿ 1964ರಲ್ಲಿ ಹೊಸ ಜಾತಿಯೊಂದನ್ನು ವರ್ಣಿಸಿ ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್ ಎಂದು ಹೆಸರಿಟ್ಟರು. ಕನ್ನಡದ ಒಂದು ಹಳ್ಳಿಯ ಹೆಸರು ಹೀಗೆ ಒಂದು ಉಣುಗಿಗೂ ಒಂದು ವೈರಾಣುವಿಗೂ ಸೇರಿಕೊಂಡಿತು; ಹಳ್ಳಿಯವರಿಗೆ ಇದು ಸಂತೋಷದ ವಿಷಯವಾಗಿರಲಾರದು.

ವೈರಾಣುವಿನ ಮುಖ್ಯ ವಾಹಕ ಮಾತ್ರ ಹಳೆಯ ಪರಿಚಯದ್ದೇ: ಫ್ರೆಂಚ್ ಪಶುವೈದ್ಯ ನ್ಯೂಮನ್ 1897ರಲ್ಲಿ ಹೆಸರಿಸಿದ ಹೀಮಾಫೈಸಾಲಿಸ್ ಸ್ಪಿನಿಜೆರಾ. ಮುಳ್ಳು ಹೊತ್ತದ್ದು ಎಂದು ಇದರ ಅರ್ಥ. ಅದರ ಜೊತೆಗೆ ಟರ್ಟುರಿಸ್ ಎಂಬ ಇನ್ನೊಂದು ಜಾತಿಯೂ ಇಲ್ಲಿ ಗಣನೀಯವಾಗಿದೆ. 1915ರಲ್ಲಿ ನಟಲ್ ಮತ್ತು ವಾರ್ಬರ್ಟನ್ ಇಟ್ಟ ಈ ಹೆಸರಿನಲ್ಲಿ ಕಪೋತವಿದೆ. ಜೀವಿ ಮಾತ್ರ ಕಪೋತಕ್ಕೆ ಸೀಮಿತವಲ್ಲ. ಮಲೆನಾಡಿಗರು ಹಾರುಬೆಕ್ಕು ಎನ್ನುವ ಹಾರುವ ಅಳಿಲಿನ ಹೆಸರಿನಿಂದ ವಾರ್ಬರ್ಟನ್ 1933ರಲ್ಲಿ ಕರೆದ ಇಕ್ಸೋಡಿಸ್ ಪೆಟೌರಿಸ್ಟೇಯ ಪಾಡೂ ಅದೇ. ಅದು ಇತರ ಸಣ್ಣ ಪ್ರಾಣಿಗಳ ಮೇಲೂ ದೊರೆಯಿತು, ಅದರಲ್ಲಿಯೂ ಈ ವೈರಾಣು ಪತ್ತೆಯಾಯಿತು. ಹಾರುವ ಅಳಿಲನ್ನು ಬೆಕ್ಕೆಂದು ಕರೆದ ಜನಪದರನ್ನು ನೋಡಿ ನಗುವವರು, ಮೊದಲು ಸಿಕ್ಕ ಜಾಗದ ಹೆಸರನ್ನೇ ಜೀವಿಗೆ ಕಟ್ಟುವ ಪಂಡಿತರ ಈ ಅಭ್ಯಾಸವನ್ನೂ ಗಮನಿಸಬೇಕು. ರಾತ್ರಿ ಸಂಚಾರ, ಗಾತ್ರ, ಹೊಳೆಯುವ ಕಣ್ಣುಗಳನ್ನು ನೋಡಿ ಬೆಕ್ಕೆಂದವರ ತರ್ಕ ಅದಕ್ಕಿಂತ ದುರ್ಬಲವೇನಲ್ಲ.

ಕಾಯಿಲೆಯ ಹೆಸರಿನಲ್ಲಿ ನಡೆದದ್ದೂ ಇದೇ. ಸತ್ತ ಮಂಗ ಕಣ್ಣಿಗೆ ಬಿತ್ತು, ಮಂಗನ ಕಾಯಿಲೆ ಎಂಬ ಹೆಸರು ನಿಂತಿತು. ಕನ್ನಡದಲ್ಲಿ ಅದಕ್ಕೂ ಮೊದಲೇ ಮಂಗನಬಾವು ಎಂಬ ಹೆಸರಿತ್ತು. ಅದು ಕೆನ್ನೆಯೂದಿದ ಮುಖಕ್ಕೆ ಕೊಟ್ಟ ಹೋಲಿಕೆಯಷ್ಟೇ, ಅದರಲ್ಲಿ ಮಂಗಕ್ಕೆ ಯಾವ ಪಾತ್ರವೂ ಇಲ್ಲ. ಹೊಸ ಹೆಸರಿನಲ್ಲಿ ಮಂಗ ಕಾರಣವೆಂಬ ಅರ್ಥ ಹೊರಟಿತು. ವಾಸ್ತವದಲ್ಲಿ ಮಂಗವೂ ಮನುಷ್ಯನಂತೆ ಉಣುಗಿನ ಕಡಿತಕ್ಕೆ ಬಲಿಯಾಗುವ ಜೀವಿ. ಅದರ ರಕ್ತದಲ್ಲಿ ವೈರಾಣು ಕೆಲದಿನ ಹೆಚ್ಚಿ ಇನ್ನಷ್ಟು ಉಣುಗುಗಳಿಗೆ ಹರಡುತ್ತದೆಂಬುದು ನಿಜ. ಸಾಗರದ ಸಂಶೋಧಕರು ಕಾಡಿಲಿ, ಮೂರುಪಟ್ಟೆಯ ಕಾಡಳಿಲು, ಸೊಂಡಿಲಿಗಳನ್ನು ಪರಿಶೀಲಿಸಿದಾಗ, ಹೆಚ್ಚಾಗಿ ತಾವು ಸಾಯದೆ ವೈರಾಣುವನ್ನು ಬೆಳೆಸಿ ಮರಿ 유ಣುಗುಗಳಿಗೆ ದಾಟಿಸಬಲ್ಲ ಜೀವಿಗಳು ನೆಲಮಟ್ಟದಲ್ಲಿವೆಯೆಂಬ ಚಿತ್ರ ಮೂಡಿತು. ದನಗಳ ಪಾತ್ರವನ್ನು ಜಾರ್ಜ್ ಬೊಶೆಲ್ 1969ರಲ್ಲಿ ಎತ್ತಿ ತೋರಿಸಿದರು: ದನದಲ್ಲಿ ವೈರಾಣು ಹೆಚ್ಚುವುದಿಲ್ಲ, ಆದರೆ ಕಾಡಿನಲ್ಲಿ ಮೇಯುವ ದನ ಹೆಚ್ಚಿದಷ್ಟೂ ಪ್ರಾಯದ ಉಣುಗುಗಳಿಗೆ ಆಹಾರ ಹೆಚ್ಚು, ಮೊಟ್ಟೆಗಳೂ ಹೆಚ್ಚು. ಇಲಿಯ, ದನದ, ದರಕಿನ ಹೆಸರುಗಳಲ್ಲಿ ಯಾವುದನ್ನು ಕಾಯಿಲೆಗೆ ಇಟ್ಟಿದ್ದರೂ ಮಂಗಕ್ಕಿಂತ ಹೆಚ್ಚು ಅನ್ವರ್ಥವಾಗುತ್ತಿತ್ತು.

ಹೆಸರು ಆಚರಣೆಯನ್ನೂ ತಟ್ಟುತ್ತದೆ. ಸತ್ತ ಮಂಗವನ್ನು ಹನುಮಂತನ ಸ್ವರೂಪವೆಂದು ಭಾವಿಸಿ, ಅರಿಶಿನ ಕುಂಕುಮವಿಟ್ಟು ಹೂಳುವ ಪದ್ಧತಿ ಕರ್ನಾಟಕದ ಹಲವೆಡೆ ಇದೆ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಇಳಿದು ಸುತ್ತಲಿನ ದರಕಿನಲ್ಲಿ ಹರಡುತ್ತವೆ. ಭಕ್ತಿಯಿಂದ ಎತ್ತಲು ಹೋದ ಕೈಗೇ ಅವು ಹತ್ತುವ ಸಾಧ್ಯತೆಯಿದೆ. ಆರೋಗ್ಯ ಇಲಾಖೆಯವರು ಮಂಗ ಬಿದ್ದ ಸ್ಥಳದ ಸುತ್ತ ಕೀಟನಾಶಕ ಹುಡಿ ಎರಚುವುದು ಈ ಕಾರಣದಿಂದ. ಸಾಗರದ ಕೇಂದ್ರದಲ್ಲಿ ಉಣುಗು ಆರಿಸುತ್ತಿದ್ದ, ಬೋನಿಡುತ್ತಿದ್ದ ಸಿಬ್ಬಂದಿಯಲ್ಲೂ ಪುಣೆಯ ಪ್ರಯೋಗಾಲಯದಲ್ಲೂ ಸೋಂಕು ತಗಲಿದವರಿದ್ದರು. ಕ್ಯಾಸನೂರೆನ್ಸಿಸ್ ಎಂಬ ಹೆಸರಿನ ಮುಂದೆ ಮೂವರು ವಿದ್ವಾಂಸರ ಹೆಸರಿದೆ; ಬಟ್ಟೆ ಎಳೆದವರದು ಇಲ್ಲ. ಒಡ್ಡರ ವಿಷಯದಲ್ಲಿ ಹೇಳಿದ್ದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಜನರು ಈ ಕಾಯಿಲೆಗೆ ಕೊಟ್ಟ ಇನ್ನೊಂದು ವಿವರಣೆಯೂ ದಾಖಲಾಗಿದೆ. 1982-83ರ ಸುಮಾರಿಗೆ ಬೆಳ್ತಂಗಡಿ ತಾಲೂಕಿನ ಪಟ್ರಮೆಯ ಕಡೆ ಗೇರು ನೆಡಲೆಂದು ಕಾಡು ಕಡಿದ ಮೇಲೆ ಕಾಯಿಲೆ ತೀವ್ರವಾಗಿ ಕಾಣಿಸಿಕೊಂಡಿತು. ಅಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರ ತಮ್ಮ ಪ್ರಬಂಧದಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದು ಕರೆದರು. ಕಾಡು ಕಡಿದದ್ದರಿಂದ ಆ ನೆಲೆಯ ದೈವಗಳು ಮುನಿದವೆಂದು ಊರವರು ಅರ್ಥೈಸಿದುದನ್ನು ಅವರು ವಿವರಿಸಿದ್ದಾರೆ. ವೈರಾಣುವನ್ನು ಅರಿಯದ ಈ ವಿವರಣೆ ಕಾಡು ಕಡಿದದ್ದು ಮತ್ತು ಜ್ವರ ಬಂದದ್ದರ ನಡುವಿನ ಸಂಬಂಧವನ್ನು ಮಾತ್ರ ಸರಿಯಾಗಿಯೇ ಹಿಡಿದಿತ್ತು. ಮಂಗನ ಕಾಯಿಲೆ ಎಂಬ ಹೆಸರಾದರೋ ಆ ಸಂಬಂಧವನ್ನು ಮರೆಸುತ್ತದೆ.

ಮೊದಲ ದಶಕದಲ್ಲಿ ಸಾಗರ, ಸೊರಬ, ಶಿಕಾರಿಪುರಗಳಲ್ಲಿದ್ದ ಕಾಯಿಲೆಯು 1970ರ ದಶಕದಲ್ಲಿ ಉತ್ತರ ಕನ್ನಡಕ್ಕೆ ಹರಡಿತು. 2012ರಲ್ಲಿ ಬಂಡೀಪುರದ ಮಂಗಗಳಲ್ಲಿ, ಅನಂತರ ಕೇರಳದ ವಯನಾಡು, ಗೋವದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಪತ್ತೆಯಾಯಿತು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಆದ ಸಾವುಗಳು ನಾಡಿನ ಗಮನ ಸೆಳೆದವು. ದಶಕಗಳಿಂದ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತಿತು. 2024ರ ಆರಂಭದಲ್ಲಿ ಉತ್ತರ ಕನ್ನಡದ ಪ್ರಕರಣಗಳ ಬಹುಪಾಲು ಸಿದ್ದಾಪುರ ತಾಲೂಕಿನಿಂದಲೇ ವರದಿಯಾಯಿತು, ಸಾವೂ ಸಂಭವಿಸಿತು. ಲಸಿಕೆಯಿಲ್ಲದ ಆ ಹಂಗಾಮಿನಲ್ಲಿ ಜನರ ಕೈಯಲ್ಲಿದ್ದುದು ಮೈಗೆ ಹಚ್ಚುವ ತೈಲ, ಮೈತುಂಬ ಬಟ್ಟೆ, ಕಾಡಿನಿಂದ ಬಂದ ಕೂಡಲೆ ಬಿಸಿನೀರ ಸ್ನಾನ ಮತ್ತು ಉಣುಗನ್ನು ಗುರುತಿಸುವ ತಮ್ಮದೇ ಕಣ್ಣು.

ಆ ಕಣ್ಣಿಗೆ ಬೇಕಾದ ಪದ ಯಾವುದು? ತಿಳಿವಳಿಕೆ ಪತ್ರಗಳಲ್ಲಿ ಸಾಮಾನ್ಯವಾಗಿ ಅಚ್ಚಾಗುವುದು ಉಣ್ಣೆ ಎಂಬ ರೂಪ. ಶಿಷ್ಟ ಕನ್ನಡದಲ್ಲಿ ಅದೇ ಪದಕ್ಕೆ ಕುರಿಯ ತುಪ್ಪಳವೆಂಬ ಅರ್ಥವೂ ಇದೆ. ಶಾಲೆ ಕಲಿತ ಮಕ್ಕಳಿಗೆ ಮೊದಲು ಹೊಳೆಯುವುದು ಆ ಅರ್ಥವೇ. ಜೊತೆಗೆ ಅಚ್ಚಾಗುವ ಚಿತ್ರವು ಬಹುತೇಕ ದನದ ಮೈಮೇಲಿನ ಪ್ರಾಯದ ಉಣುಗಿನದು, ಹತ್ತಾರು ಪಟ್ಟು ದೊಡ್ಡದು ಮಾಡಿದ್ದು. ದರಕು ಗುಡಿಸುವವರ ಕಾಲಿಗೆ ಹತ್ತುವುದು ಎಳ್ಳಿಗಿಂತ ಚಿಕ್ಕದಾದ ನಡುಹರೆಯದ್ದು. ಅದಕ್ಕೆ ಪಶುವೈದ್ಯರ ಪಠ್ಯದಲ್ಲಿ ಅಪ್ಸರೆ ಎಂಬ ಅರ್ಥದ ಇಂಗ್ಲಿಷ್ ಹೆಸರಿದೆ, ಕನ್ನಡದ ಪತ್ರಗಳಲ್ಲಿ ಹೆಸರೇ ಇಲ್ಲ. ಸಿದ್ದಾಪುರದ ಕಡೆಯ ತೋಟದ ಕೆಲಸದವರೊಡನೆ ಮಾತನಾಡುವಾಗ ದನದ ಉಣುಗು, ಪುಡಿ ಉಣುಗು ಎಂಬ ಭೇದವನ್ನು ನಾನು ಕೇಳಿದ್ದೇನೆ. ಸೊಂಡಿಲಿ, ಕಾಡಿಲಿ, ಕಾಡಳಿಲುಗಳ ಹೆಸರುಗಳನ್ನೂ ಸೇರಿಸಿ ಇಂಥ ಪದಗಳನ್ನು ಊರೂರಿನಿಂದ, ಯಾವ ತಿಂಗಳಲ್ಲಿ ಯಾವುದು ಕಾಣುತ್ತದೆಂಬ ವಿವರದೊಡನೆ, ಮೂರು ತಾಲೂಕುಗಳ ಹವಿಗನ್ನಡ, ದೀವರ ಕನ್ನಡ, ಗೌಳಿಗರ ಮರಾಠಿ, ಸಿದ್ದಿಗಳ ಕೊಂಕಣಿಗಳಲ್ಲಿ ಕೂಡಿಸುವ ಕೆಲಸ ಆಗಬೇಕಾಗಿದೆ. ಎಲಿಯಟ್ ಧಾರವಾಡದ ಇಲಿಗಳಿಗೆ ಅದನ್ನು ಮಾಡಿದ್ದು ದರಕಿನ ಸೀಮೆಯಿಂದ ಎರಡು ದಿನದ ಕುದುರೆ ಹಾದಿಯಲ್ಲಿ.